ಟಿಪ್ಸ್ ಯಾರ ಲೆಕ್ಕಕ್ಕೆ?

ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಜಾರ್ಜ್ ಪುಲ್‌ಮನ್ ತನ್ನ ಸ್ಲೀಪರ್ ಬೋಗಿಗಳಲ್ಲಿ ಹಾಸಿಗೆ ಹಾಸಲು, ಬೂಟು ಒರೆಸಲು, ಪೆಟ್ಟಿಗೆ ಹೊರಲು ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ಕಪ್ಪು ಜನರನ್ನು ಕೆಲಸಕ್ಕೆ ಸೇರಿಸಿಕೊಂಡ. ಕಂಪನಿ ಕೊಡುತ್ತಿದ್ದ ಸಂಬಳದಲ್ಲಿ ಸಂಸಾರ ನಡೆಯುತ್ತಿರಲಿಲ್ಲ. ಉಳಿದದ್ದನ್ನು ಪೋರ್ಟರುಗಳು ಪ್ರಯಾಣಿಕರನ್ನು ಮೆಚ್ಚಿಸಿ ಸಂಪಾದಿಸಿಕೊಳ್ಳಬೇಕಿತ್ತು. 1915ರಲ್ಲಿ ಕೈಗಾರಿಕಾ ಸಂಬಂಧಗಳ ಆಯೋಗ ಈ ಏರ್ಪಾಡಿನ ವಿಚಾರಣೆ ನಡೆಸಿದಾಗ ಕಂಪನಿಯ ಪರವಾಗಿ ಉತ್ತರ ಕೊಟ್ಟವರು ರಾಬರ್ಟ್ ಲಿಂಕನ್, ಗುಲಾಮಗಿರಿಯನ್ನು ಕೊನೆಗಾಣಿಸಿದ ಅಬ್ರಹಾಂ ಲಿಂಕನ್ ಅವರ ಮಗ. ಪೋರ್ಟರುಗಳ ಸಂಬಳ ಆಗ ತಿಂಗಳಿಗೆ 27.50 ಡಾಲರ್. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಪೋರ್ಟರುಗಳು ಸಂಘ ಕಟ್ಟಿದಾಗ ಮುಂದಿಟ್ಟ ಬೇಡಿಕೆಯಲ್ಲಿ ಸ್ಪಷ್ಟತೆಯಿತ್ತು: ಟಿಪ್ಸ್ ನಂಬಿ ಬದುಕುವ ಸ್ಥಿತಿ ಹೋಗಬೇಕು, ಬದುಕಲು ಸಾಲುವ ಸಂಬಳ ಬರಬೇಕು. ಕಂಪನಿ ಒಪ್ಪಂದಕ್ಕೆ ಸಹಿ ಹಾಕಲು 1937ರವರೆಗೆ ಕಾಯಿಸಿತು. ಟಿಪ್ಸ್ ಮೇಲೆ ತೆರಿಗೆ ಬೇಕೇ ಬೇಡವೇ ಎಂಬ ಇಂದಿನ ವಾದವನ್ನು ಈ ಹನ್ನೆರಡು ವರ್ಷಗಳ ಹೋರಾಟದಿಂದ ಬೇರ್ಪಡಿಸಿ ನೋಡಲಾಗದು. ಟಿಪ್ಸ್ ದುಡಿಮೆಯ ಫಲ, ಆದ್ದರಿಂದ ಅದು ಆದಾಯವೇ. ಆದರೆ ಅದನ್ನು ಮಾಲೀಕ ಕೊಡಬೇಕಾದ ಸಂಬಳದೊಳಗೆ ಸೇರಿಸಿದ ಕ್ಷಣದಲ್ಲೇ ಅನ್ಯಾಯ ಶುರುವಾಗುತ್ತದೆ.

ಗಿರಾಕಿ ಖುಷಿಯಿಂದ ಕೊಟ್ಟದ್ದು ಉಡುಗೊರೆ, ಉಡುಗೊರೆಗೆಂಥ ತೆರಿಗೆ ಎಂಬುದು ಹಳೆಯ ಆಕ್ಷೇಪ. ಅಮೆರಿಕದ ನ್ಯಾಯಾಲಯಗಳು ಇದನ್ನು ಹಗುರವಾಗಿ ತಳ್ಳಿಹಾಕಲಿಲ್ಲ. 1949ರಲ್ಲಿ ಟ್ಯಾಕ್ಸಿ ಚಾಲಕರ ಪ್ರಕರಣವೊಂದರಲ್ಲಿ ಮೇಲ್ಮನವಿ ನ್ಯಾಯಾಲಯ ಟಿಪ್ಸ್ ಆದಾಯವೆಂದೇ ತೀರ್ಮಾನಿಸಿತು. ಇನ್ನೂ ಕುತೂಹಲದ್ದು 1976ರ ಪ್ರಕರಣ. ಲಾಸ್ ವೇಗಸ್ಸಿನ ಜೂಜುಕಟ್ಟೆಯಲ್ಲಿ ದಾಳದಾಟ ನಡೆಸುವ ಡೀಲರುಗಳಿಗೆ ಆಟಗಾರರು ಕೈಯೆತ್ತಿ ಕೊಡುತ್ತಿದ್ದ ಹಣವನ್ನು ಅವರೆಲ್ಲ ಒಟ್ಟುಗೂಡಿಸಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಡೀಲರು ಯಾವ ಆಟಗಾರನಿಗೂ ವಿಶೇಷ ಸೇವೆ ಮಾಡುವಂತಿರಲಿಲ್ಲ, ಬಹುಪಾಲು ಆಟಗಾರರು ಏನನ್ನೂ ಕೊಡುತ್ತಿರಲಿಲ್ಲ. ಹಾಗಾಗಿ ಇದು ಉಡುಗೊರೆಯೇ ಎಂದು ಕೆಳಗಿನ ನ್ಯಾಯಾಲಯ ಒಪ್ಪಿತ್ತು. ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ನಿಸ್ವಾರ್ಥದಿಂದ ಕೊಟ್ಟಾಗ ಮಾತ್ರ ಉಡುಗೊರೆ. ಆಟಗಾರ ಕೊಡುವುದು ಅದೃಷ್ಟದೇವತೆ ತನಗೆ ಒಲಿಯಲೆಂಬ ಹರಕೆಯಿಂದ. ಡೀಲರಿಗೆ ಅದು ದಿನವೂ ಬರುವ, ಲೆಕ್ಕ ಹಾಕಿ ಹಂಚಬಹುದಾದ ಗಳಿಕೆ. ಈ ತರ್ಕ ನನಗೆ ಸರಿಯೆನಿಸುತ್ತದೆ. ಮದುವೆಯಲ್ಲಿ ಬಂದ ಮುಯ್ಯಿಯನ್ನು ನೆಚ್ಚಿಕೊಂಡು ಯಾರೂ ಮನೆ ಬಾಡಿಗೆ ಕಟ್ಟುವುದಿಲ್ಲ. ಟಿಪ್ಸ್ ನೆಚ್ಚಿಕೊಂಡು ಕಟ್ಟುವವರು ಲಕ್ಷಾಂತರ.

ಬಡವರ ಪುಡಿಗಾಸಿನ ಮೇಲೆ ಸರ್ಕಾರದ ಕಣ್ಣೇಕೆ ಎಂಬ ಎರಡನೆಯ ಆಕ್ಷೇಪದಲ್ಲಿ ಕರುಣೆಯಿದೆ, ಆದರೆ ಅರ್ಧ ನೋಟವಿದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವನಿಗೆ ಟಿಪ್ಸ್ ಇಲ್ಲ, ಮುಂದೆ ಬಡಿಸುವವನಿಗೆ ಇದೆ. ಇಬ್ಬರೂ ವರ್ಷಕ್ಕೆ ಸಮನಾಗಿ ಗಳಿಸಿದರೂ ಮೊದಲನೆಯವನು ಮಾತ್ರ ತೆರಿಗೆ ಕಟ್ಟಬೇಕೆನ್ನುವುದು ಯಾವ ನ್ಯಾಯ? ನಿಜಕ್ಕೂ ಬಡವರಾದವರನ್ನು ತೆರಿಗೆಯ ಮಿತಿಯೇ ಹೊರಗಿಡುತ್ತದೆ. ಅಮೆರಿಕದಲ್ಲಿ ಟಿಪ್ಸ್ ಪಡೆಯುವವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಕೇಂದ್ರದ ಆದಾಯ ತೆರಿಗೆಯ ವ್ಯಾಪ್ತಿಗೇ ಬರುವುದಿಲ್ಲವೆಂದು ಯೇಲ್ ವಿಶ್ವವಿದ್ಯಾಲಯದ ಬಜೆಟ್ ಲ್ಯಾಬ್ ಲೆಕ್ಕ ಹಾಕಿದೆ. ಲೆಕ್ಕಕ್ಕೆ ಸಿಗದ ಟಿಪ್ಸ್ ದುಡಿಯುವವನಿಗೇ ಮುಳುವಾದದ್ದೂ ಉಂಟು. 1965ರ ತಿದ್ದುಪಡಿಗೆ ಮೊದಲು ಅಲ್ಲಿನ ಸಾಮಾಜಿಕ ಭದ್ರತಾ ಪಿಂಚಣಿಗೆ ಸಾಮಾನ್ಯವಾಗಿ ಟಿಪ್ಸ್ ಗಣನೆಗೆ ಬರುತ್ತಿರಲಿಲ್ಲ. ಜೀವಮಾನವಿಡೀ ಬಡಿಸಿದ ವೇಟರಿಗೆ ಮುಪ್ಪಿನಲ್ಲಿ ಸಿಗುತ್ತಿದ್ದದ್ದು ಅವನ ಸಣ್ಣ ಸಂಬಳಕ್ಕೆ ತಕ್ಕ ಸಣ್ಣ ಪಿಂಚಣಿ.

ಬಚ್ಚಿಟ್ಟ ಚಿಲ್ಲರೆಯನ್ನು ಹುಡುಕುವುದು ಹೇಗೆ ಎಂಬ ತೊಡಕು ಮಾತ್ರ ಒಂದು ಕಾಲಕ್ಕೆ ನಿಜವಾಗಿತ್ತು. 1982ರಲ್ಲಿ ಅಮೆರಿಕ ಒಂದು ದಾರಿ ಹಿಡಿಯಿತು: ದೊಡ್ಡ ರೆಸ್ಟೋರೆಂಟಿನ ನೌಕರರು ತೋರಿಸಿದ ಟಿಪ್ಸ್ ಒಟ್ಟು ವ್ಯಾಪಾರದ ಶೇ. 8ಕ್ಕಿಂತ ಕಡಿಮೆಯಿದ್ದರೆ ಕೊರತೆಯನ್ನು ಅವರವರ ಹೆಸರಿಗೆ ಹಂಚಿ ಇಲಾಖೆಗೆ ತಿಳಿಸಬೇಕು. ಈಗ ಕಾರ್ಡು, ಮೊಬೈಲು ಪಾವತಿಗಳು ಗುರುತು ಬಿಡುವುದರಿಂದ ಆ ತೊಡಕು ವರ್ಷ ವರ್ಷ ಕರಗುತ್ತಿದೆ.

ಹಾಗಾದರೆ ಕೆಡುಕಿರುವುದೆಲ್ಲಿ? 1966ರ ಕಾನೂನಿನಲ್ಲಿ. ಆ ವರ್ಷ ಕನಿಷ್ಠ ವೇತನದ ರಕ್ಷಣೆಯನ್ನು ಹೋಟೆಲು, ರೆಸ್ಟೋರೆಂಟುಗಳ ನೌಕರರಿಗೆ ವಿಸ್ತರಿಸಿದ ಅಮೆರಿಕದ ಸಂಸತ್ತು, ಅದೇ ಕೈಯಲ್ಲಿ ಮಾಲೀಕರಿಗೊಂದು ರಿಯಾಯಿತಿಯನ್ನೂ ಕೊಟ್ಟಿತು: ಕನಿಷ್ಠ ವೇತನದ ಅರ್ಧದವರೆಗೆ ನೌಕರನ ಟಿಪ್ಸನ್ನೇ ತೋರಿಸಿ ತುಂಬಿಸಬಹುದು. ಪುಲ್‌ಮನ್ ತನ್ನ ಮರ್ಜಿಯಿಂದ ಮಾಡಿದ್ದನ್ನು ಈಗ ಕಾನೂನೇ ಒಪ್ಪಿದಂತಾಯಿತು. ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಮೊತ್ತ 1991ರಲ್ಲಿ ಗಂಟೆಗೆ 2.13 ಡಾಲರಿಗೆ ಬಂದು ನಿಂತದ್ದು ಇಂದಿಗೂ ಕದಲಿಲ್ಲ. ಕ್ಯಾಲಿಫೋರ್ನಿಯಾ, ನೆವಾಡದಂಥ ಏಳು ರಾಜ್ಯಗಳು ಮಾತ್ರ ಈ ರಿಯಾಯಿತಿಯನ್ನು ಒಪ್ಪದೆ ಪೂರ್ಣ ವೇತನ ಕೊಡಿಸುತ್ತವೆ. 2024ರ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಟಿಪ್ಸ್ ಮೇಲಿನ ತೆರಿಗೆ ತೆಗೆಯುವ ಭರವಸೆ ಕೊಟ್ಟದ್ದು ಅದೇ ನೆವಾಡದ ಲಾಸ್ ವೇಗಸ್ಸಿನಲ್ಲಿ. 2025ರ ಕಾನೂನಿನ ಪ್ರಕಾರ 2028ರವರೆಗೆ ವರ್ಷಕ್ಕೆ 25,000 ಡಾಲರಿನಷ್ಟು ಟಿಪ್ಸನ್ನು ತೆರಿಗೆಯ ಲೆಕ್ಕದಿಂದ ಕಳೆಯಬಹುದು. ತೆರಿಗೆಯನ್ನೇ ಕಟ್ಟದಷ್ಟು ಬಡವನಿಗೆ ಇದರಿಂದ ಬಿಡಿಗಾಸೂ ಸಿಗದು. 2.13 ಡಾಲರಿನ ತಂಟೆಗೆ ಆ ಕಾನೂನು ಹೋಗಲೇ ಇಲ್ಲ.

ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಬೇರೆ ಹಾದಿ ಹಿಡಿದಿದೆ. ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲಿನ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಗಿರಾಕಿ ಕೊಟ್ಟ ಟಿಪ್ಸ್ ಮಾಲೀಕ ಕೊಟ್ಟ ವೇತನವಾಗದು ಎಂದರು. ಮೈಸೂರಿನ ಸದರ್ನ್ ಸ್ಟಾರ್ ಹೋಟೆಲಿನ ಪ್ರಕರಣದಲ್ಲಿ ಅದೇ ಜಾಡು ಹಿಡಿದ ಕೋರ್ಟು, ಇಎಸ್ಐ (ನೌಕರರ ರಾಜ್ಯ ವಿಮೆ) ವಂತಿಗೆಗೂ ಅದು ವೇತನವಲ್ಲ ಎಂದಿತು. 2016ರ ಐಟಿಸಿ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಕಾರ್ಡಿನ ಮೂಲಕ ಬಂದ ಟಿಪ್ಸನ್ನು ಹೋಟೆಲು ಹಂಚಿದರೂ ಅದು ಸಂಬಳವಾಗದು, ಹೋಟೆಲು ಮೂಲದಲ್ಲೇ ತೆರಿಗೆ (ಟಿಡಿಎಸ್) ಮುರಿದುಕೊಳ್ಳಬೇಕಿಲ್ಲ, ನೌಕರನ ಕೈಯಲ್ಲಿ ಅದು ಇತರ ಮೂಲದ ಆದಾಯ. ಸಂಬಳದ ಹೊಣೆ ಮಾಲೀಕನದು, ಟಿಪ್ಸ್ ನೌಕರನದು ಎಂಬ ಈ ಗೆರೆಯನ್ನು ಅಮೆರಿಕ ಅರವತ್ತು ವರ್ಷಗಳಿಂದ ಅಳಿಸುತ್ತಲೇ ಬಂದಿದೆ. ನಮ್ಮಲ್ಲೂ ಒಂದು ಕೊರೆಯಿದೆ. ಬಡಿಸುವವರ ಗಳಿಕೆ ಹೆಚ್ಚಾಗಿ ಆದಾಯ ತೆರಿಗೆಯ ಮಿತಿಯೊಳಗೇ ಇರುವುದರಿಂದ ತೆರಿಗೆ ಅವರಿಗೆ ದೊಡ್ಡ ಚಿಂತೆಯಲ್ಲ. ಆದರೆ ಕಾಯಿಲೆ ಬಿದ್ದಾಗ ಸಿಗುವ ಇಎಸ್ಐ ಭತ್ಯೆ ಲೆಕ್ಕವಾಗುವುದು ಬರೀ ಸಂಬಳದ ಮೇಲೆ. ತಟ್ಟೆಯಲ್ಲಿ ಸೋಂಪಿನ ಪಕ್ಕ ಬಿಟ್ಟುಹೋದ ನೋಟು ಆ ಭತ್ಯೆಯನ್ನು ಬೆಳೆಸದು. ಆದ್ದರಿಂದ ಟಿಪ್ಸಿಗೂ ಉಳಿದೆಲ್ಲ ಗಳಿಕೆಗಿರುವ ತೆರಿಗೆ ಮಿತಿಯೇ ಇರಲಿ, ವಿನಾಯಿತಿ ಬೇಡ. ಸರ್ಕಾರಕ್ಕೆ ಹೋಟೆಲು ಕಾರ್ಮಿಕರ ಮೇಲೆ ಕನಿಕರವಿದ್ದರೆ ಅವರ ಕನಿಷ್ಠ ವೇತನವನ್ನು ಏರಿಸಲಿ, ಏರಿಸಿದ್ದನ್ನು ಮಾಲೀಕರಿಂದ ಕೊಡಿಸಲಿ.