ಚೆನ್ನೈ ಮ್ಯಾರಥಾನ್: ಬೆಂಗಳೂರಿನಿಂದ ಹೋಗಿ ಓಡುವವರು ಮೊದಲು ತಿಳಿಯಬೇಕಾದ್ದು ಸೆಕೆಯ ಲೆಕ್ಕ

ಹೊಸ ವರ್ಷ ಶುರುವಾದ ಬೆನ್ನಲ್ಲೇ ದಕ್ಷಿಣ ಭಾರತದಲ್ಲಿ ನಡೆಯುವ ದೊಡ್ಡ ಓಟಗಳಲ್ಲಿ ಚೆನ್ನೈ ಮ್ಯಾರಥಾನ್ ಒಂದು. ಬೆಂಗಳೂರಿನಿಂದ ಸುಮಾರು 360 ಕಿ.ಮೀ. ದೂರ, ರೈಲಿನಲ್ಲಿ ನಾಲ್ಕೂವರೆಯಿಂದ ಆರು ಗಂಟೆ. ಶನಿವಾರ ಹೋಗಿ, ಭಾನುವಾರ ಓಡಿ, ಸೋಮವಾರ ಕೆಲಸಕ್ಕೆ ಹಾಜರಾಗಬಹುದು ಎಂಬ ಲೆಕ್ಕದಲ್ಲೇ ಕರ್ನಾಟಕದ ಓಟಗಾರರು ಹೆಸರು ನೋಂದಾಯಿಸುತ್ತಾರೆ. ಆದರೆ ಆ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗಿರುತ್ತದೆ. ಅದು ಚೆನ್ನೈನ ಸೆಕೆ.

ಚೆನ್ನೈ ರನ್ನರ್ಸ್ ಸಂಘಟನೆ ಆಯೋಜಿಸುವ ಈ ಮ್ಯಾರಥಾನ್ 2012ರಲ್ಲಿ ಆರಂಭವಾಯಿತು. ಪ್ರಾಯೋಜಕರು ಬದಲಾದಂತೆ ವಿಪ್ರೋ, ಸ್ಕೆಚರ್ಸ್, ಫ್ರೆಶ್‌ವರ್ಕ್ಸ್ ಎಂದು ಅದರ ಹೆಸರೂ ಬದಲಾಗುತ್ತಾ ಬಂದಿದೆ. 42.195 ಕಿ.ಮೀ. ಪೂರ್ಣ ಮ್ಯಾರಥಾನ್, ಹಾಫ್ ಮ್ಯಾರಥಾನ್ ಮತ್ತು 10 ಕಿ.ಮೀ. ಓಟದ ಜೊತೆಗೆ ಇಲ್ಲಿ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಓಟವೂ ಇದೆ. ಹಾಫ್ ಮುಗಿಸಿದವರು ಫುಲ್‌ಗೆ ಹೋಗುವ ಮುನ್ನ ತಮ್ಮನ್ನು ಪರೀಕ್ಷಿಸಿಕೊಳ್ಳಲು ಇದು ಒಳ್ಳೆಯ ಮೆಟ್ಟಿಲು. ಪೂರ್ಣ ಮ್ಯಾರಥಾನ್ ಕೂವಂ ನದಿಯ ಮೇಲಿನ ನೇಪಿಯರ್ ಸೇತುವೆ ಬಳಿಯಿಂದ ಹೊರಟು ಮರೀನಾ ಕಡಲತೀರದ ಉದ್ದಕ್ಕೂ ದಕ್ಷಿಣಕ್ಕೆ ಸಾಗಿ, ಈಸ್ಟ್ ಕೋಸ್ಟ್ ರಸ್ತೆಯ ಕಡೆಗೆ ಹೋಗುತ್ತದೆ. ಮಾರ್ಗ, ಮುಕ್ತಾಯದ ಸ್ಥಳ ಆಗಾಗ ಬದಲಾಗುವುದರಿಂದ ಆಯಾ ವರ್ಷದ ನಕ್ಷೆಯನ್ನೇ ನೋಡಿಕೊಳ್ಳಬೇಕು.

ರಸ್ತೆ ಬಹುತೇಕ ಸಮತಟ್ಟು. ಬೆಂಗಳೂರಿನ ಏರಿಳಿತಗಳಲ್ಲಿ ಕಾಲು ಹದ ಮಾಡಿಕೊಂಡವರಿಗೆ ಇದು ಆಸೆ ಹುಟ್ಟಿಸುತ್ತದೆ. 900 ಮೀಟರ್‌ಗಿಂತ ಎತ್ತರದ ಊರಿನಿಂದ ಸಮುದ್ರಮಟ್ಟಕ್ಕೆ ಇಳಿಯುವುದರಿಂದ ಉಸಿರಾಟವೂ ಸಲೀಸಾಗುತ್ತದೆ ಎಂಬ ನಂಬಿಕೆ ಇದೆ. ಅದು ಸುಳ್ಳಲ್ಲ, ಆದರೆ ಲಾಭ ಸಣ್ಣದು. ಸಮುದ್ರಮಟ್ಟ ಕೊಟ್ಟಿದ್ದನ್ನು ಸಮುದ್ರದ ಗಾಳಿ ಬಡ್ಡಿ ಸಮೇತ ವಾಪಸ್ ಪಡೆಯುತ್ತದೆ.

ಬೆವರು ಸುರಿದರೆ ಸಾಲದು, ಆರಬೇಕು

ಓಡುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ಜನವರಿಯ ಬೆಂಗಳೂರಿನಲ್ಲಿ ಬೆಳಗಿನ ಜಾವ 16 ಡಿಗ್ರಿ ಆಸುಪಾಸಿನ ತಣ್ಣನೆಯ ಗಾಳಿಯೇ ಈ ಶಾಖದ ಒಂದು ಭಾಗವನ್ನು ಎಳೆದುಕೊಳ್ಳುತ್ತದೆ. ಉಳಿದದ್ದನ್ನು ಬೆವರು ನೋಡಿಕೊಳ್ಳುತ್ತದೆ. ಚೆನ್ನೈನಲ್ಲಿ ಅದೇ ಹೊತ್ತಿಗೆ ಉಷ್ಣಾಂಶ 21-22 ಡಿಗ್ರಿ, ಗಾಳಿ ತೇವದಿಂದ ಭಾರ. ಅಲ್ಲಿ ಬೆವರು ಧಾರಾಕಾರ ಸುರಿಯುತ್ತದೆ, ಆದರೆ ಬೇಗ ಆರುವುದಿಲ್ಲ. ಚರ್ಮದ ಮೇಲೆ ಆವಿಯಾದ ಬೆವರು ಮಾತ್ರ ದೇಹವನ್ನು ತಂಪಾಗಿಸುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಬರೀ ನಷ್ಟ. ಆಗ ಹೃದಯ ಕಾಲಿನ ಸ್ನಾಯುಗಳಿಗೂ, ತಂಪಾಗಲು ಚರ್ಮಕ್ಕೂ ಒಟ್ಟಿಗೆ ರಕ್ತ ಒದಗಿಸಬೇಕಾಗುತ್ತದೆ. ಅದೇ ವೇಗಕ್ಕೆ ಎದೆಬಡಿತ ಹೆಚ್ಚಾಗುವುದು ಇದಕ್ಕೇ.

ನಸುಕಿನಲ್ಲೇ ಓಟ ಶುರುವಾದರೂ ಸಮಸ್ಯೆ ಪೂರ್ತಿ ತಪ್ಪುವುದಿಲ್ಲ. ತಾಪಮಾನ ಕನಿಷ್ಠವಿರುವ ಹೊತ್ತಿನಲ್ಲೇ ಸಾಪೇಕ್ಷ ಆರ್ದ್ರತೆ ಗರಿಷ್ಠ. ಜನವರಿ ಆರಂಭದಲ್ಲಿ ಚೆನ್ನೈನಲ್ಲಿ ಸೂರ್ಯೋದಯ ಸುಮಾರು 6.30ಕ್ಕೆ. ನಾಲ್ಕು ಗಂಟೆಗೆ ಹೊರಟವರು ಐದೂವರೆ ಗಂಟೆಯಲ್ಲಿ ಓಟ ಮುಗಿಸಿದರೆ ಕೊನೆಯ ಮೂರು ಗಂಟೆ ಬಿಸಿಲಿನಲ್ಲೇ. ವೇಗದ ಓಟಗಾರರಿಗಿಂತ ನಿಧಾನವಾಗಿ ಓಡುವವರಿಗೆ ಇಲ್ಲಿ ಪರೀಕ್ಷೆ ಕಠಿಣ.

ಇದನ್ನು ಹಗುರವಾಗಿ ಪರಿಗಣಿಸುವಂತಿಲ್ಲ. 2007ರ ಷಿಕಾಗೊ ಮ್ಯಾರಥಾನನ್ನು ಬಿಸಿಲಿನ ಕಾರಣಕ್ಕೆ ಅರ್ಧಕ್ಕೇ ನಿಲ್ಲಿಸಬೇಕಾಯಿತು. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳಾ ಮ್ಯಾರಥಾನ್ ಮಧ್ಯರಾತ್ರಿ ಆರಂಭವಾದರೂ, ಹೊರಟ 68 ಮಂದಿಯಲ್ಲಿ 28 ಮಂದಿಗೆ ಓಟ ಮುಗಿಸಲಾಗಲಿಲ್ಲ. ಅವರೆಲ್ಲ ವಿಶ್ವಮಟ್ಟದ ಓಟಗಾರ್ತಿಯರು. ಜನವರಿಯ ಚೆನ್ನೈ ದೋಹಾದಷ್ಟು ಕಠಿಣವಲ್ಲ, ಆದರೆ ಚಳಿಯಲ್ಲಿ ಅಭ್ಯಾಸ ಮಾಡಿ ಬಂದ ದೇಹಕ್ಕೆ ಆ ವ್ಯತ್ಯಾಸವೇ ಸಾಕು.

ಎರಡು ವಾರ ಮೊದಲೇ ತಯಾರಿ

ಸೆಕೆಗೆ ದೇಹ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಶನಿವಾರ ಮಧ್ಯಾಹ್ನ ರೈಲಿಳಿದು ಭಾನುವಾರ ಓಡುವವರಿಗೆ ಇದ್ಯಾವುದೂ ದಕ್ಕುವುದಿಲ್ಲ. ಹಾಗಾಗಿ ಒಗ್ಗಿಸಿಕೊಳ್ಳುವ ಕೆಲಸ ಬೆಂಗಳೂರಿನಲ್ಲೇ ಆಗಬೇಕು. ಕೊನೆಯ ಎರಡು ವಾರ ವಾರಕ್ಕೆ ಮೂರ್ನಾಲ್ಕು ಸಣ್ಣ ಓಟಗಳನ್ನು ಮುಂಜಾನೆಯ ಬದಲು ಮಧ್ಯಾಹ್ನಕ್ಕೆ ಹಾಕಿಕೊಳ್ಳಬಹುದು. ಓಟ ಮುಗಿದ ಮೇಲೆ ಬಿಸಿನೀರಿನ ಸ್ನಾನವೂ ನೆರವಾಗುತ್ತದೆ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಓಟದ ದಿನ ಗಡಿಯಾರಕ್ಕಿಂತ ಎದೆಬಡಿತ ನಂಬುವುದು ಲೇಸು. ಕಿ.ಮೀ.ಗೆ 20 ಸೆಕೆಂಡ್ ನಿಧಾನವಾಗಿ ಓಡಿದರೆ ಇಡೀ ಮ್ಯಾರಥಾನ್‌ನಲ್ಲಿ ಹೋಗುವುದು 14 ನಿಮಿಷ. 30ನೇ ಕಿ.ಮೀ.ನಲ್ಲಿ ಕುಸಿದು ನಡೆಯತೊಡಗಿದರೆ ಅದಕ್ಕಿಂತ ಹೆಚ್ಚು ಸಮಯ ಹೋಗುತ್ತದೆ.

ಸೆಕೆ ಎಂದು ಸಿಕ್ಕಲ್ಲೆಲ್ಲಾ ನೀರು ಕುಡಿಯುವುದೂ ಅಪಾಯವೇ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಪ್ರಮಾಣ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಓಟದ ವೇಳೆ ತೂಕ ಹೆಚ್ಚಾಗಿದ್ದವರಲ್ಲಿ, ಅಂದರೆ ಅತಿಯಾಗಿ ಕುಡಿದವರಲ್ಲಿ ಇದು ಹೆಚ್ಚಾಗಿ ಕಂಡಿತು. ಬಾಯಾರಿಕೆಗೆ ತಕ್ಕಷ್ಟು ಕುಡಿಯಬೇಕು. ಉಪ್ಪಿನ ಅಂಶ ಬೇಕೇ ಬೇಕು, ಆದರೆ ಅದು ಇದ್ದ ಮಾತ್ರಕ್ಕೆ ಅತಿಯಾಗಿ ಕುಡಿಯುವುದು ಸುರಕ್ಷಿತವಾಗುವುದಿಲ್ಲ. ನೋವು ನಿವಾರಕ ಐಬುಪ್ರೊಫೇನ್ ಮಾತ್ರೆ ನುಂಗಿ ಓಡುವ ಅಭ್ಯಾಸ ಮೂತ್ರಪಿಂಡಕ್ಕೆ ಹೊರೆ.

ಪಕ್ಕದಲ್ಲಿ ಓಡುವವರು ತೊದಲುತ್ತಿದ್ದರೆ, ತೂರಾಡುತ್ತಿದ್ದರೆ, ಅಸಂಬದ್ಧ ಮಾತಾಡುತ್ತಿದ್ದರೆ ಅದನ್ನು ಬರೀ ಸುಸ್ತು ಎಂದು ಬಿಡಬಾರದು. ದೇಹದ ಒಳ ಉಷ್ಣಾಂಶ 40 ಡಿಗ್ರಿ ದಾಟಿರಬಹುದು. ಬೆವರುತ್ತಿದ್ದರೂ ಶಾಖಾಘಾತ ಆಗಬಹುದು. ತಕ್ಷಣ ವೈದ್ಯಕೀಯ ತಂಡವನ್ನು ಕರೆದು, ಅವರು ಬರುವವರೆಗೂ ನೆರಳಲ್ಲಿ ಮಲಗಿಸಿ ಮೈಮೇಲೆ ತಣ್ಣೀರು, ಐಸ್ ಹಾಕುತ್ತಿರಬೇಕು. ಆಂಬುಲೆನ್ಸ್‌ಗೆ ತಮಿಳುನಾಡಿನಲ್ಲೂ ಸಂಖ್ಯೆ 108.

ರೈಲು, ಊಟ, ಬಿಬ್

ಪೊಂಗಲ್ ಹಬ್ಬ ಜನವರಿ ಮಧ್ಯಭಾಗದಲ್ಲಿ ಬರುವುದರಿಂದ ಟಿಕೆಟ್ ಬೇಗ ಮುಗಿಯುತ್ತವೆ. ಈಗ ರೈಲು ಬುಕಿಂಗ್ 60 ದಿನ ಮೊದಲು ಮಾತ್ರ ತೆರೆಯುತ್ತದೆ. 2022ರ ನವೆಂಬರ್‌ನಲ್ಲಿ ಆರಂಭವಾದ ಮೈಸೂರು-ಚೆನ್ನೈ ವಂದೇ ಭಾರತ್, ಶತಾಬ್ದಿ, ಬೃಂದಾವನ್ ಎಕ್ಸ್‌ಪ್ರೆಸ್ ಮೂರೂ ಚೆನ್ನೈ ಸೆಂಟ್ರಲ್‌ಗೆ ಹೋಗುತ್ತವೆ. ಅಲ್ಲಿಂದ ನೇಪಿಯರ್ ಸೇತುವೆ ಹತ್ತಿರವೇ ಇರುವುದರಿಂದ ಸೆಂಟ್ರಲ್, ಟ್ರಿಪ್ಲಿಕೇನ್ ಸುತ್ತಮುತ್ತ ತಂಗಿದರೆ ನಸುಕಿನಲ್ಲಿ ಆಟೋ ಹುಡುಕುವ ತಲೆನೋವು ಕಡಿಮೆ. ಆದರೆ ಓಟ ಮುಗಿಯುವ ಜಾಗ ದೂರದಲ್ಲಿರಬಹುದು. ವಾಪಸ್ ಬರುವ ವ್ಯವಸ್ಥೆ ಮೊದಲೇ ಕೇಳಿಕೊಂಡಿರಬೇಕು.

ಬಿಬ್ ಸಾಮಾನ್ಯವಾಗಿ ಓಟಕ್ಕೆ ಮುಂಚಿನ ದಿನಗಳಲ್ಲೇ ಕೊಡುವುದರಿಂದ ಗುರುತಿನ ಚೀಟಿಯೊಂದಿಗೆ ಸಮಯಕ್ಕೆ ತಲುಪುವ ರೈಲನ್ನೇ ಹಿಡಿಯಬೇಕು. ರಾತ್ರಿ ಊಟಕ್ಕೆ ಇಡ್ಲಿ, ಮೊಸರನ್ನ ಸಾಕು. ಖಾರದ ಚೆಟ್ಟಿನಾಡು ಅಡುಗೆಯನ್ನು ಓಟ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ. ಮುಂಜಾನೆ ಮೂರಕ್ಕೆ ಯಾವ ಹೋಟೆಲೂ ತೆರೆದಿರುವುದಿಲ್ಲ ಎಂದುಕೊಂಡೇ ಬಾಳೆಹಣ್ಣು, ಬ್ರೆಡ್ ಹಿಂದಿನ ದಿನವೇ ತಂದಿಟ್ಟುಕೊಳ್ಳುವುದು ಒಳ್ಳೆಯದು. ವಾಪಸ್ ರೈಲಿನಲ್ಲಿ ಅಂಚಿನ ಸೀಟು ಸಿಕ್ಕರೆ ಗಂಟೆಗೊಮ್ಮೆ ಎದ್ದು ನಡೆಯಬಹುದು. 42 ಕಿ.ಮೀ. ಓಡಿದ ಕಾಲುಗಳು ಕಾಟ್ಪಾಡಿ ದಾಟುವಷ್ಟರಲ್ಲಿ ಮರಗಟ್ಟಿರುತ್ತವೆ.