ಉದ್ಯಮಿಯ ತಲೆಯೊಳಗೆ ಇಣುಕಿದವರು

ಮೊನ್ನೆ ಆಫೀಸಿನಲ್ಲಿ ಎಲ್ಲರಿಗೂ ಒಂದು ಆನ್‌ಲೈನ್ ಪರೀಕ್ಷೆ ಕೊಟ್ಟರು. ಕೊನೆಗೆ ನನಗೆ ಬಂದ ತೀರ್ಪು: 'ನಿಮ್ಮದು ಉದ್ಯಮಿಯ ಮನೋಭಾವ ಅಲ್ಲ'. ಹದಿನೆಂಟು ವರ್ಷದಿಂದ ಅಮೆರಿಕದಲ್ಲಿ ಸಂಬಳಕ್ಕೆ ದುಡಿಯುತ್ತಿರುವವನಿಗೆ ಇದೇನು ಹೊಸ ಸುದ್ದಿಯಲ್ಲ ಬಿಡಿ! ಆದರೆ ಇಂಥ ಅಳತೆಗೋಲು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದವನು ಬಂದು ನಿಂತಿದ್ದು ನಮ್ಮ ಪಕ್ಕದ ಆಂಧ್ರದ ಕಾಕಿನಾಡದಲ್ಲಿ.

ಹಾರ್ವರ್ಡಿನ ಡೇವಿಡ್ ಮೆಕ್‌ಕ್ಲೆಲೆಂಡ್ ಮನಃಶಾಸ್ತ್ರಜ್ಞ. ಒಂದು ಚಿತ್ರ ತೋರಿಸಿ ಕಥೆ ಬರೆಸುತ್ತಿದ್ದರು. ಆ ಕಥೆಯಲ್ಲಿ 'ಇನ್ನೂ ಚೆನ್ನಾಗಿ ಮಾಡಬೇಕು' ಅನ್ನುವ ಹಂಬಲ ಎಷ್ಟು ಇಣುಕುತ್ತದೆ ಅಂತ ಎಣಿಸಿ ಅಂಕ ಕೊಡುತ್ತಿದ್ದರು. ಜಾತ್ರೆಯಲ್ಲಿ ಇರುತ್ತಲ್ಲ, ರಿಂಗ್ ಎಸೆಯುವ ಆಟ, ಅದೂ ಇತ್ತು. ಹಂಬಲ ಇರುವವರು ತೀರಾ ಹತ್ತಿರವೂ ಅಲ್ಲದೆ, ತೀರಾ ದೂರವೂ ಅಲ್ಲದೆ ನಡುವೆ ನಿಂತು ಎಸೀತಾರೆ ಅಂತ ಅವರ ಲೆಕ್ಕ. 1960ರ ದಶಕದ ಮಧ್ಯದಲ್ಲಿ ಅವರ ತಂಡ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ಸಂಸ್ಥೆಯಲ್ಲಿ ತರಬೇತಿ ಕೊಡಿಸಿತು. ಆಮೇಲೆ ಅವರು ಏನು ಮಾಡಿದರು ಅಂತ ನೋಡಿ, ತರಬೇತಿ ಇಲ್ಲದವರ ಜೊತೆ ಹೋಲಿಸಿತು. ತರಬೇತಿ ಪಡೆದವರೇ ಹೆಚ್ಚು ಹೊಸ ಕೆಲಸಕ್ಕೆ ಕೈಹಾಕಿದ್ದರು. 1969ರಲ್ಲಿ ಅದು ಪುಸ್ತಕವಾಯಿತು.

ಇದೆಲ್ಲಾ ಹಂಬಲದ ಅಳತೆ. ಯೋಚನೆಯ ಅಳತೆ? ಅದಕ್ಕೆ ಕೈಹಾಕಿದವರು ಪಿಟ್ಸ್‌ಬರ್ಗಿನಲ್ಲಿ ನೊಬೆಲ್ ವಿಜೇತ ಹರ್ಬರ್ಟ್ ಸೈಮನ್‌ರ ಶಿಷ್ಯೆಯಾಗಿದ್ದ, ಭಾರತದಿಂದ ಹೋದ ಸರಸ್ ಸರಸ್ವತಿ. 1990ರ ದಶಕದಲ್ಲಿ 27 ಯಶಸ್ವಿ ಅಮೆರಿಕನ್ ಉದ್ಯಮಿಗಳ ಮುಂದೆ ಒಂದು ಕಾಲ್ಪನಿಕ ಕಂಪ್ಯೂಟರ್ ಆಟವನ್ನಿಟ್ಟು, 'ಇದನ್ನು ಮಾರೋದು ಹೇಗೆ? ತಲೆಗೆ ಬಂದದ್ದನ್ನೆಲ್ಲ ಜೋರಾಗಿ ಹೇಳ್ತಾ ಹೋಗಿ' ಅಂದರು. ಮಾತೆಲ್ಲ ಟೇಪಿಗೆ. ಮಾರುಕಟ್ಟೆ ಸಮೀಕ್ಷೆಯನ್ನು ಅವರಲ್ಲಿ ಹೆಚ್ಚಿನವರು ನಂಬಲೇ ಇಲ್ಲ! ನನಗೇನು ಗೊತ್ತು, ಯಾರು ಗೊತ್ತು, ಎಷ್ಟು ಹೋದರೆ ತಡೆದುಕೊಂಡೇನು – ಹೀಗಿತ್ತು ಅವರ ಯೋಚನೆ. ಪಟ್ಟಿ ಹಿಡಿದು ಸಾಮಾನು ತರುವ ಅಡುಗೆ ಒಂದು, ಮನೆಯಲ್ಲಿ ಇದ್ದದ್ದರಲ್ಲೇ ಮಾಡುವ ಅಡುಗೆ ಇನ್ನೊಂದು. ಸರಸ್ವತಿಯವರು ಕೊಟ್ಟ ಹೋಲಿಕೆಯೂ ಇಂಥದ್ದೇ.

ಓದುತ್ತಾ ನನಗೆ ನೆನಪಾದದ್ದು ಶಿವಮೊಗ್ಗದ ನಮ್ಮ ದೊಡ್ಡಪ್ಪ. ಕೈಯಲ್ಲಿದ್ದ ಪಾನಾ, ಗೊತ್ತಿದ್ದ ನಾಲ್ಕು ಜನ, ಅಷ್ಟನ್ನೇ ನಂಬಿ ಸೈಕಲ್ ಶಾಪ್ ಇಟ್ಟವರು. ಥೇಟ್ ಆ 27 ಜನರ ಹಾಗೇ ಯೋಚಿಸಿದ್ದರು. ಮೂರೇ ವರ್ಷಕ್ಕೆ ಬಾಗಿಲು ಹಾಕಿದರು. ಸರಸ್ವತಿಯವರ ಟೇಪಿನಲ್ಲಿ ಗೆದ್ದವರ ದನಿ ಮಾತ್ರ ಇದೆ. ಸೋತವರೂ ಹೀಗೇ ಯೋಚಿಸಿದ್ದರೋ ಏನೋ, ಅದರಿಂದ ತಿಳಿಯುವುದಿಲ್ಲ. ಅದಕ್ಕೇ ನನಗೆ ಕಾಕಿನಾಡದ ಕೆಲಸದ ಮೇಲೆ ಒಂದು ಕೈ ಹೆಚ್ಚು ಗೌರವ. ಅಲ್ಲಿ ಯಾರು ಗೆಲ್ಲುತ್ತಾರೆ ಅಂತ ಗೊತ್ತಾಗುವ ಮೊದಲೇ ಅಳತೆ ಶುರುವಾಗಿತ್ತು.