ಕಿರೀಟ ಧರಿಸಿ ಬಂದ ಸ್ವಾತಂತ್ರ್ಯ

ನಮ್ಮ ನೆರೆಯ ಗೋವೆಯಿಂದ ಪೋರ್ತುಗೀಸರು ತೊಲಗಿದ್ದು 1961ರಲ್ಲಿ, ಭಾರತದ ಸೇನೆ ಗಡಿ ದಾಟಿದ ಮೇಲೆ. ಅದೇ ಪೋರ್ತುಗೀಸರ ಕೈಯಲ್ಲಿದ್ದ ಬ್ರೆಜಿಲ್ ಸ್ವತಂತ್ರವಾದ ಬಗೆಯೇ ಬೇರೆ. ಅಲ್ಲಿ ಸ್ವಾತಂತ್ರ್ಯವನ್ನು ಸಾರಿದವನು ಪೋರ್ತುಗಲ್ಲಿನ ದೊರೆಯ ಮಗ. ಸಾರಿದವನೇ ಚಕ್ರವರ್ತಿಯೂ ಆದ. ಈ ಸೋಜಿಗದ ಹಿಂದೆ ಒಂದು ಕಹಿ ಸತ್ಯವಿದೆಯೆಂದು ನನಗೆ ತೋರುತ್ತದೆ.

ಕಲ್ಲಿಕೋಟೆಗೆ ಹೊರಟಿದ್ದ ನಾವಿಕ ಕಬ್ರಾಲನಿಗೆ 1500ರಲ್ಲಿ ದಾರಿಯಲ್ಲಿ ಕಂಡ ನೆಲ ಬ್ರೆಜಿಲ್. ಅದರ ಸಕ್ಕರೆಯೂ ಚಿನ್ನವೂ ಮೂರು ಶತಮಾನ ಲಿಸ್ಬನ್ನಿಗೆ ಹರಿದವು. 1807ರಲ್ಲಿ ನೆಪೋಲಿಯನ್ನನ ದಂಡು ಪೋರ್ತುಗಲ್ಲಿಗೆ ನುಗ್ಗಿದಾಗ, ರಾಜ್ಯಭಾರ ನಡೆಸುತ್ತಿದ್ದ ಯುವರಾಜ ಜುವಾಂವ್ ಪರಿವಾರಸಮೇತ ಇಂಗ್ಲಿಷ್ ಹಡಗುಗಳ ಬೆಂಗಾವಲಿನಲ್ಲಿ ಅಲ್ಲಿಗೆ ಹೊರಟ. 1808ರಲ್ಲಿ ರಿಯೋ ಡಿ ಜನೈರೊ ರಾಜಧಾನಿಯಾಯಿತು. ವಸಾಹತಿನಲ್ಲಿ ಕುಳಿತು ಮಾತೃದೇಶವನ್ನು ಆಳುವಂತಾಯಿತು!

ದೊರೆಯಾದ ಜುವಾಂವ್ 1821ರಲ್ಲಿ ಲಿಸ್ಬನ್ನಿಗೆ ಮರಳಿದ. ಮಗ ಪೆಡ್ರೊನನ್ನು ಇಲ್ಲಿಯೇ ಬಿಟ್ಟ. ಬ್ರೆಜಿಲ್ ಕೈತಪ್ಪುವುದಾದರೆ ಯಾರೋ ಸಾಹಸಿಗರ ಪಾಲಾಗುವುದಕ್ಕಿಂತ ನಿನ್ನದಾಗಲಿ ಎಂದು ತಂದೆ ಹೇಳಿದ್ದನೆಂದು ಪೆಡ್ರೊ ಮುಂದೆ ಒಂದು ಪತ್ರದಲ್ಲಿ ನೆನೆದಿದ್ದಾನೆ. ಬ್ರೆಜಿಲ್ಲನ್ನು ಮತ್ತೆ ಹಳೆಯ ಅಡಿಯಾಳುತನಕ್ಕೆ ಇಳಿಸಲು ಲಿಸ್ಬನ್ನಿನ ಸಭೆ ಹವಣಿಸಿ ಅವನನ್ನು ಹಿಂದಕ್ಕೆ ಕರೆಯಿತು. ಅವನು ಹೋಗಲಿಲ್ಲ. 1822ರ ಸೆಪ್ಟೆಂಬರ್ 7ರಂದು ಸಾವೊ ಪೌಲೊ ಬಳಿಯ ಇಪಿರಾಂಗ ತೊರೆಯ ದಂಡೆಯಲ್ಲಿ ‘ಸ್ವಾತಂತ್ರ್ಯ, ಇಲ್ಲವೇ ಮರಣ’ ಎಂದು ಘೋಷಿಸಿದ. ಡಿಸೆಂಬರ್ 1ರಂದು ಕಿರೀಟಧಾರಣೆ. ಬಾಹಿಯಾದಂಥ ಕಡೆ ರಕ್ತ ಹರಿಯಿತು, ನಿಜ. ಆದರೆ 1825ರ ಒಪ್ಪಂದದಲ್ಲಿ ಪೋರ್ತುಗಲ್ ಸ್ವಾತಂತ್ರ್ಯವನ್ನು ಒಪ್ಪಿದ್ದು 20 ಲಕ್ಷ ಪೌಂಡುಗಳ ಬೆಲೆ ಕಟ್ಟಿಸಿಕೊಂಡು. ಮುದಿ ದೊರೆಗೂ ಬ್ರೆಜಿಲ್ಲಿನ ಚಕ್ರವರ್ತಿಯೆಂಬ ಬರಿಯ ಬಿರುದು ದಕ್ಕಿತು.

ಸಿಂಹಾಸನ ಉಳಿಯಿತು, ತೋಟಗಳೂ ಉಳಿದವು. ಅವುಗಳಲ್ಲಿ ದುಡಿಯುತ್ತಿದ್ದ ಆಫ್ರಿಕದ ಗುಲಾಮರಿಗೆ ಇಪಿರಾಂಗದ ಘೋಷಣೆಯಿಂದ ದೊರೆತದ್ದೇನು? ಪೆಡ್ರೊನ ಮಂತ್ರಿಯಾಗಿದ್ದ ಜೊಸೆ ಬೊನಿಫಾಸಿಯೊ 1823ರಲ್ಲಿ ಗುಲಾಮಗಿರಿಯನ್ನು ಕ್ರಮೇಣ ತೊಡೆದುಹಾಕಲು ಯೋಜನೆ ಬರೆದ. ಅದೇ ವರ್ಷ ಚಕ್ರವರ್ತಿ ಸೈನ್ಯವನ್ನು ಕಳಿಸಿ ಸಂವಿಧಾನಸಭೆಯನ್ನು ಮುಚ್ಚಿಸಿದ; ಬೊನಿಫಾಸಿಯೊ ಗಡೀಪಾರಾದ.

1831ರಲ್ಲಿ ಪೆಡ್ರೊ ಪಟ್ಟ ತ್ಯಜಿಸಿದಾಗ ಮಗ ಎರಡನೆಯ ಪೆಡ್ರೊ ಐದು ವರ್ಷದ ಕೂಸು. ಬೆಳೆದು ವಿದ್ಯಾವಂತನೂ ಸರಳನೂ ಆದ. ಹೊರಗಿನಿಂದ ಗುಲಾಮರನ್ನು ತರುವ ವ್ಯಾಪಾರ 1850ರಲ್ಲಿ ನಿಂತಿತು. 1871ರಿಂದ ಗುಲಾಮ ತಾಯಂದಿರಿಗೆ ಹುಟ್ಟುವ ಮಕ್ಕಳು ಸ್ವತಂತ್ರರೆಂದಾಯಿತು. ಎಲ್ಲವೂ ಆಮೆನಡಿಗೆ. ಗುಲಾಮರೇ ಗುಂಪುಗುಂಪಾಗಿ ತೋಟಗಳನ್ನು ಬಿಟ್ಟು ಓಡತೊಡಗಿದ ಮೇಲೆ, 1888ರ ಮೇ 13ರಂದು ರಾಜಕುಮಾರಿ ಇಸಬೆಲ್, ತಂದೆ ಯೂರೋಪಿನಲ್ಲಿದ್ದಾಗ, ಎರಡೇ ಕಲಮುಗಳ ವಿಮೋಚನೆಯ ಶಾಸನಕ್ಕೆ ಸಹಿ ಹಾಕಿದಳು. ಇಪಿರಾಂಗದ ಕೂಗು ತೋಟದ ಜೋಪಡಿಯನ್ನು ಮುಟ್ಟಲು 66 ವರ್ಷ ಹಿಡಿಯಿತು.

ಪರಿಹಾರ ಸಿಗದ ಜಮೀನುದಾರರು ಸಿಂಹಾಸನದ ಕೈಬಿಟ್ಟರು. ಸೈನ್ಯ ಮೊದಲೇ ಮುನಿದಿತ್ತು. 1889ರ ನವೆಂಬರ್ 15ರಂದು ಗಣರಾಜ್ಯ ಬಂತು. ಎರಡು ದಿನಕ್ಕೆ ರಾಜಮನೆತನವನ್ನು ಹಡಗು ಹತ್ತಿಸಿದರು. ಮುದುಕ ಚಕ್ರವರ್ತಿ 1891ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಗುಲಾಮಗಿರಿಯನ್ನು ಸಹಿಸಿಕೊಂಡಷ್ಟು ಕಾಲ ಬಾಳಿದ ಸಿಂಹಾಸನ, ಅದನ್ನು ಅಳಿಸಿದ ಮೇಲೆ ಎರಡು ವರ್ಷವೂ ನಿಲ್ಲಲಿಲ್ಲ. ಆ ಸಿಂಹಾಸನವನ್ನು ಹೊತ್ತಿದ್ದ ಹೆಗಲು ಯಾರದೆಂಬುದು ಇದರಿಂದಲೇ ತಿಳಿಯುತ್ತದೆ.